ಅರಸಾಳು ಸ್ಟೇಷನ್ನಿನಲ್ಲಿ ನಮ್ಮ ಮೂಟೆಗೂ ಒಂದು ಗೋಡೆ ಬೇಕು

ಶಿವಮೊಗ್ಗ–ತಾಳಗುಪ್ಪ ರೈಲು ದಾರಿಯಲ್ಲಿ ಕುಂಸಿ ದಾಟಿದ ಮೇಲೆ, ಆನಂದಪುರ ಬರುವ ಮೊದಲು, ಅರಸಾಳು ಎಂಬ ಸ್ಟೇಷನ್ ಇದೆ. ಹೊಸನಗರ ತಾಲೂಕಿನ ಸಣ್ಣ ಊರು, ಸುತ್ತ ಕಾಡು. ರಿಪ್ಪನ್‌ಪೇಟೆಯಿಂದ ಹತ್ತು ಕಿಲೋಮೀಟರಿನ ಆಸುಪಾಸು. ನಮ್ಮ ಕಡೆಯವರಿಗೆ ರೈಲು ಅಂದರೆ ಅರಸಾಳು, ಅರಸಾಳು ಅಂದರೆ ರೈಲು ಎಂಬ ಕಾಲವೊಂದಿತ್ತು. ಆಮೇಲೆ ಹಳಿ ಅಗಲವಾಯಿತು, ಹೊಸ ವ್ಯವಸ್ಥೆ ಬಂತು, ಹಳೇ ಹೆಂಚಿನ ಕಟ್ಟಡ ಕೆಲಸವಿಲ್ಲದೆ ಮೂಲೆಗೆ ಬಿತ್ತು. ಕಿಟಕಿ ಬಾಗಿಲು ಗೆದ್ದಲಿಗೆ, ಒಳಗಿನ ಜಾಗ ದನಕ್ಕೆ ಎಂಬ ಸ್ಥಿತಿಯಲ್ಲಿ ಅದು ನಿಂತಿತ್ತು.

ಈಗ ಅದೇ ಕಟ್ಟಡ ನೋಡಲಿಕ್ಕೆ ಭಾನುವಾರ ಕಾರುಗಳು ಬರುತ್ತವೆ. ಆರ್.ಕೆ. ನಾರಾಯಣ್ ಅವರ ಕತೆಗಳನ್ನಿಟ್ಟುಕೊಂಡು ಶಂಕರ್‌ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ಮಾಡಿದರಲ್ಲ, ಅದರ ಊರಿನ ದೃಶ್ಯಗಳು ಹೆಚ್ಚಾಗಿ ಆಗುಂಬೆಯಲ್ಲಿ, ರೈಲು ಸ್ಟೇಷನ್ನಿನ ದೃಶ್ಯಗಳು ಅರಸಾಳಿನಲ್ಲಿ ಆದವು. ಆ ನೆನಪಿಗೆ ನೈರುತ್ಯ ರೈಲ್ವೆ ಹಳೇ ಕಟ್ಟಡ ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿತು. ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಇದರ ಕೆಲಸಕ್ಕೂ ಕೈ ಹಾಕಿದರು. ಪಕ್ಕದಲ್ಲಿ ಹಳೇ ರೈಲು ಬೋಗಿ ತಂದು ನಿಲ್ಲಿಸಿ ಚಹಾ ಕುಡಿಯಲು ಜಾಗ ಮಾಡಿದರು. ಸ್ಟೇಷನ್ನಿನ ಹೆಸರನ್ನೇ ಮಾಲ್ಗುಡಿ ಅಂತ ಬದಲಿಸುವ ಮಾತೂ ಆಗ ಕೇಳಿಬಂದಿತ್ತು.

ನನ್ನದು ಮ್ಯೂಸಿಯಂ ಬೇಡ ಎಂಬ ವಾದವಲ್ಲ, ಇದನ್ನು ಮೊದಲೇ ಹೇಳಿಬಿಡ್ತೇನೆ. ಅದು ಆಗದಿದ್ದರೆ ಇಷ್ಟು ಹೊತ್ತಿಗೆ ಹೆಂಚು ಒಬ್ಬರ ಕೊಟ್ಟಿಗೆಗೆ, ಕಲ್ಲು ಇನ್ನೊಬ್ಬರ ಪಾಗಾರಕ್ಕೆ ಹೋಗಿರುತ್ತಿತ್ತು. ಕಟ್ಟಡ ಉಳೀತು, ಸಂತೋಷ. ಶಂಕರ್‌ನಾಗ್ ಮೇಲೆ ನಮಗೂ ಪ್ರೀತಿ ಇದೆ.

ಆದರೆ ಕಳೆದ ವರ್ಷ ಮನೆಗೆ ಬಂದಿದ್ದ ಮೊಮ್ಮಗನನ್ನು ಅಲ್ಲಿಗೆ ಕರಕೊಂಡು ಹೋದಾಗ ಅವನು ಕೇಳಿದ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. “ಅಜ್ಜಯ್ಯ, ಸ್ವಾಮಿ ಇದೇ ಊರಲ್ಲಿ ಇದ್ನಾ?” ಇಲ್ಲ ಮಾರಾಯ, ಅದು ಕತೆ, ಮಾಲ್ಗುಡಿ ಅಂತ ಊರೇ ಇಲ್ಲ ಅಂದೆ. “ಹಾಗಾದ್ರೆ ಇಲ್ಲಿ ಯಾರು ಇದ್ರು?” ಅಂತ ಮತ್ತೆ ಕೇಳಿದ. ತೋರಿಸಲಿಕ್ಕೆ ಗೋಡೆಯ ಮೇಲೆ ಏನೂ ಇರಲಿಲ್ಲ. ಇಲ್ಲದೇ ಇದ್ದ ಊರಿನ ನೆನಪಿಗೆ ಒಂದು ಕಟ್ಟಡ ಇದೆ, ಇದ್ದ ಊರಿನ ನೆನಪಿಗೆ ಒಂದು ಹಲಗೆ ಇಲ್ಲ.

ಹಳಿ ಬಂದದ್ದು

ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ರೈಲು ಬಂದದ್ದು 1899ರಲ್ಲಿ. ಶಿವಮೊಗ್ಗದಿಂದ ಮುಂದೆ ಬಹಳ ವರ್ಷ ಹಳಿ ಇರಲಿಲ್ಲ. ಅಲ್ಲಿಂದ ಆಚೆ ಮಲೆನಾಡಿನವರಿಗೆ ಎತ್ತಿನಗಾಡಿಯೇ ಗತಿ. ಮೈಸೂರು ಸಂಸ್ಥಾನದ ಕಾಲದಲ್ಲೇ ಈ ದಾರಿ ಕಾಡಿನೊಳಗೆ ಹಂತ ಹಂತವಾಗಿ ಮುಂದುವರಿಯಿತು. ಅರಸಾಳು, ಆನಂದಪುರ, ಸಾಗರ ಹೀಗೆ ಒಂದೊಂದೇ ಊರು ಮುಟ್ಟುತ್ತಾ 1940ರಲ್ಲಿ ತಾಳಗುಪ್ಪ ತಲುಪಿತು. ಸಾಗರದ ಸ್ಟೇಷನ್ನಿಗೆ ಸಾಗರ ಜಂಬಗಾರು ಎಂಬ ಹೆಸರು ಇರೋದು ಅದು ಜಂಬಗಾರು ಗ್ರಾಮದ ಜಾಗದಲ್ಲಿ ಇರೋದರಿಂದ. ಅಲ್ಲಿ ಊರಿನ ಹೆಸರು ಉಳಿಸಿಕೊಂಡಿದ್ದಾರೆ, ನೋಡಿ.

ಯಾಕೆ ಇಷ್ಟು ದೂರ ಕಾಡಿನಲ್ಲಿ ಹಳಿ ಹಾಕಿದರು? ನಮ್ಮ ಮುಖ ನೋಡಿ ಅಲ್ಲ. ಭದ್ರಾವತಿಯಲ್ಲಿ 1923ರಿಂದ ಕಬ್ಬಿಣ ತೆಗೆಯಲು ಶುರುವಾಗಿತ್ತು. ಆ ಕಾರ್ಖಾನೆ ಮೊದಲು ನಡೆದದ್ದು ಕಲ್ಲಿದ್ದಲಿನಿಂದಲ್ಲ, ನಮ್ಮ ಕಾಡಿನ ಮರ ಸುಟ್ಟ ಇದ್ದಿಲಿನಿಂದ. ಕುಂಸಿ ಕಡೆ ಮ್ಯಾಂಗನೀಸ್ ಅದಿರು ಇತ್ತು. ಅರಸಾಳು ಎಂಬ ಹೆಸರಿನ ಅರಣ್ಯ ವಲಯವೇ ಇದೆ, ಅಂದ ಮೇಲೆ ಮರ ಎಷ್ಟಿತ್ತು ಅಂತ ಊಹಿಸಿಕೊಳ್ಳಬಹುದು. ಅತ್ತ ಜೋಗದಲ್ಲಿ ವಿದ್ಯುತ್ ಯೋಜನೆಯ ಕೆಲಸ 1939ರಲ್ಲಿ ಆರಂಭವಾಯಿತು, ವಿದ್ಯುತ್ ಹರಿದದ್ದು 1948ರಲ್ಲಿ. ಜೋಗಕ್ಕೆ ಹತ್ತಿರದ ಸ್ಟೇಷನ್ ಅಂದರೆ ತಾಳಗುಪ್ಪವೇ. ಮರ, ಅದಿರು, ಕರೆಂಟು. ಈ ಮೂರಕ್ಕೂ ರೈಲು ಬೇಕಿತ್ತು. ಅದರ ಬೆನ್ನಿಗೆ ನಮ್ಮ ಅಡಿಕೆ ಮೂಟೆಯೂ ಹತ್ತಿಕೊಂಡಿತು ಅಷ್ಟೆ.

ಆಮೇಲೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸಾಗರ, ಹೊಸನಗರ ತಾಲೂಕುಗಳ ನೂರಕ್ಕೂ ಹೆಚ್ಚು ಹಳ್ಳಿ ನೀರಿನಡಿ ಹೋದವು. ಗದ್ದೆ ತೋಟ ಬಿಟ್ಟು ಎದ್ದ ಕುಟುಂಬಗಳನ್ನು ಶಿವಮೊಗ್ಗ ತಾಲೂಕಿನ ಕಾಡಂಚಿಗೂ ತಂದು ಬಿಟ್ಟರು, ಅದರಲ್ಲಿ ಕುಂಸಿ, ಆಯನೂರು ಕಡೆ ನೆಲೆಯಾದವರೂ ಇದ್ದಾರೆ. ಆ ಭೂಮಿಯ ಹಕ್ಕುಪತ್ರದ ಗೋಳು ಮೂರನೇ ತಲೆಮಾರಿಗೂ ಮುಗಿದಿಲ್ಲ. ಇದು ರೈಲಿನ ಕತೆ ಅಲ್ಲ ಅನ್ನಬಹುದು. ಆದರೆ ಈ ಹಳಿಯ ಎರಡೂ ಬದಿ ಯಾರು ಕೂತಿದ್ದಾರೆ, ಎಲ್ಲಿಂದ ಬಂದರು ಅಂತ ಕೇಳಿದರೆ ಇದನ್ನು ಬಿಟ್ಟು ಹೇಳಲಿಕ್ಕೆ ಆಗೋದಿಲ್ಲ.

ಮೂಟೆಯ ಲೆಕ್ಕ

ನಾನು ಸಣ್ಣವನಿದ್ದಾಗ ಅಪ್ಪಯ್ಯ ಅಡಿಕೆ ಒಯ್ಯುತ್ತಿದ್ದದ್ದು ಗಾಡಿಯಲ್ಲಿ ಅರಸಾಳಿಗೆ, ಅಲ್ಲಿಂದ ರೈಲಿನಲ್ಲಿ ಶಿವಮೊಗ್ಗ ಮಂಡಿಗೆ. ನಮ್ಮದು ಆಗ ಒಂದೂವರೆ ಎಕರೆ ತೋಟ. ವರ್ಷಕ್ಕೆ ಹೆಚ್ಚೆಂದರೆ ಹದಿನೈದು ಚೀಲ, ಅದನ್ನೂ ಒಂದೇ ಸಲ ಕೊಡುವ ಪದ್ಧತಿ ಇರಲಿಲ್ಲ. ದುಡ್ಡು ಬೇಕಾದಾಗ ನಾಲ್ಕು ಚೀಲ, ಮದುವೆ ಇದ್ದರೆ ಆರು ಚೀಲ. ನಡುರಾತ್ರಿ ಕಳೆದು ಎತ್ತು ಕಟ್ಟಿದರೆ ಬೆಳಕು ಹರಿಯುವಾಗ ಸ್ಟೇಷನ್. ಬರುವಾಗ ಅದೇ ಗಾಡಿಯಲ್ಲಿ ಉಪ್ಪು, ಸೀಮೆಎಣ್ಣೆ, ಹಿಂಡಿ.

ಇದರಲ್ಲಿ ನಾನು ಹೇಳಬೇಕಾದ ಮುಖ್ಯ ವಿಷಯ ತೂಕದ್ದು. ಸ್ಟೇಷನ್ನಿನಲ್ಲಿ ಚೀಲ ತೂಗಿ, ರಸೀದಿ ಬರೆದು ಕೊಡುತ್ತಿದ್ದರು. ಇಷ್ಟು ಚೀಲ, ಇಷ್ಟು ತೂಕ, ಇಂಥವರಿಂದ ಇಂಥವರಿಗೆ. ಮಂಡಿಯಲ್ಲಿ ಮತ್ತೆ ತೂಗುವಾಗ ದಲ್ಲಾಳಿಯ ಹತ್ತಿರ ಬಾಯಿಮಾತಿನ ಜಗಳ ಬೇಡ, ರಸೀದಿ ತೋರಿಸಿದರೆ ಸಾಕು. ಖರೀದಿದಾರನೂ ಅಲ್ಲ, ಮಾರುವವನೂ ಅಲ್ಲ, ಮೂರನೆಯ ಒಬ್ಬನು ತೂಗಿದ ತೂಕ ಅದು. ರೈಲ್ವೆ ರಸೀದಿ ಅಂದರೆ ಮಾಲಿನ ದಾಖಲೆ, ಅದನ್ನಿಟ್ಟುಕೊಂಡು ಮುಂಗಡ ಕೊಡುವ ಪದ್ಧತಿ ವ್ಯಾಪಾರದಲ್ಲಿ ಇತ್ತು. ಅಪ್ಪಯ್ಯ ಅಂಥ ರಸೀದಿಗಳನ್ನು ತಂತಿಗೆ ಚುಚ್ಚಿ ತೊಲೆಗೆ ನೇತುಹಾಕಿದ್ದರು. ಅಕ್ಷರ ಹೆಚ್ಚು ಬರದ ಮನುಷ್ಯ, ಆದರೆ ಯಾವ ಕಾಗದ ಯಾವ ವರ್ಷದ್ದು ಅಂತ ಮುಟ್ಟಿ ಹೇಳುತ್ತಿದ್ದರು.

ಈಗ ಮನೆ ಬಾಗಿಲಿಗೆ ಬಂದು ಅಂಗಳದಲ್ಲೇ ತೂಗಿ ಒಯ್ಯುವ ವ್ಯಾಪಾರಿಗಳಿದ್ದಾರೆ. ಅನುಕೂಲ ಹೌದು. ಆದರೆ ತಕ್ಕಡಿ ಅವರದ್ದೇ. ನಮ್ಮ ಅಂಗಳದಲ್ಲಿ ನಿಂತಿದೆ ಎಂಬ ಮಾತ್ರಕ್ಕೆ ಅದು ನಮ್ಮ ತಕ್ಕಡಿ ಆಗೋದಿಲ್ಲ. ಶಿವಮೊಗ್ಗದಲ್ಲಿ 1939ರಲ್ಲೇ ಮ್ಯಾಮ್‌ಕೋಸ್ ಕಟ್ಟಿದ ಹಿರಿಯರಿಗೆ ಈ ತೂಕದ, ದರದ ಕಷ್ಟ ಚೆನ್ನಾಗಿ ಗೊತ್ತಿತ್ತು. ಸಂಘ ಬಂದದ್ದೂ ಹಳಿ ತಾಳಗುಪ್ಪ ಮುಟ್ಟಿದ್ದೂ ಒಂದು ವರ್ಷದ ಹೆಚ್ಚುಕಮ್ಮಿಯಲ್ಲಿ.

ಆರ್.ಕೆ. ನಾರಾಯಣ್ ಅವರಿಗೂ ಸ್ಟೇಷನ್ ಅಂದರೆ ಏನು ಅಂತ ಗೊತ್ತಿತ್ತು ಅನ್ನಿಸುತ್ತದೆ. 1958ರ ಅವರ ‘ಗೈಡ್’ ಕಾದಂಬರಿಯಲ್ಲಿ ಮಾಲ್ಗುಡಿಗೆ ಹಳಿ ಬರೋದು, ರಾಜುವಿನ ತಂದೆ ಅಲ್ಲಿ ಅಂಗಡಿ ಇಡೋದು, ಮುಂದೆ ಮಗ ಸ್ಟೇಷನ್ನಿನ ಅಂಗಡಿಯಲ್ಲಿ ಕೂರೋದು ಎಲ್ಲ ಬರುತ್ತದೆ. ಕತೆಯಲ್ಲೂ ಸ್ಟೇಷನ್ ಬರೀ ಚಂದಕ್ಕೆ ಇರಲಿಲ್ಲ. ವ್ಯಾಪಾರಕ್ಕೆ ಇತ್ತು.

ಬಾಗಿಲು ಹಾಕಿದ್ದು ಯಾರು?

“ಲಾರಿ ಬಂತು, ಬಸ್ಸು ಬಂತು, ರೈಲು ಹೋಯ್ತು” ಅಂತ ನಮ್ಮಲ್ಲಿ ಎಲ್ಲರೂ ಹೇಳ್ತಾರೆ. ಅರ್ಧ ನಿಜ. ರಸ್ತೆ ಒಳ್ಳೇದಾಯಿತು, ಲಾರಿ ತೋಟದ ಬೇಲಿವರೆಗೂ ಬಂತು. ಗಾಡಿಯಿಂದ ಇಳಿಸಿ, ಪ್ಲಾಟ್‌ಫಾರಮ್ಮಿಗೆ ಹೊತ್ತು, ವ್ಯಾಗನ್ನಿಗೆ ಏರಿಸಿ, ಆಚೆ ಕಡೆ ಮತ್ತೆ ಇಳಿಸಿ ಅನ್ನೋ ನಾಲ್ಕು ಹಮಾಲಿಯ ಬದಲು ಎರಡರಲ್ಲಿ ಕೆಲಸ ಮುಗಿಯಿತು. ರೈತ ಲಾರಿ ಹಿಡಿದದ್ದರಲ್ಲಿ ತಪ್ಪೇನಿಲ್ಲ. ದೇಶದ ಸರಕು ಸಾಗಣೆಯಲ್ಲಿ 1950–51ರಲ್ಲಿ ರೈಲಿನ ಪಾಲು 100ಕ್ಕೆ 80ಕ್ಕಿಂತ ಹೆಚ್ಚು ಇದ್ದದ್ದು ಇವತ್ತು ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿದಿದೆ.

ಇನ್ನರ್ಧ ನಿಜ ಏನೆಂದರೆ, ರೈಲ್ವೆಯೇ ನಮ್ಮನ್ನು ಬೇಡ ಅಂದಿತು. 1980ರ ದಶಕದಿಂದ ಈಚೆಗೆ ರೈಲ್ವೆಯ ಲೆಕ್ಕಾಚಾರ ಬದಲಾಯಿತು. ಒಂದೊಂದು ಸ್ಟೇಷನ್ನಿನಲ್ಲಿ ನಿಂತು, ಒಂದು ವ್ಯಾಗನ್ ಬಿಚ್ಚಿ ಇನ್ನೊಂದು ಕಟ್ಟಿ, ಹತ್ತು ಚೀಲ ಇಲ್ಲಿ ಇಪ್ಪತ್ತು ಚೀಲ ಅಲ್ಲಿ ಹೇರಿಕೊಳ್ಳುವುದು ನಷ್ಟದ ಬಾಬ್ತು ಎಂದು ಕಂಡಿತು. ಕಲ್ಲಿದ್ದಲು, ಅದಿರು, ಸಿಮೆಂಟು, ಗೊಬ್ಬರ, ಪಡಿತರದ ಧಾನ್ಯ ಇಂಥವನ್ನು ಇಡೀ ಗಾಡಿ ತುಂಬಿಸಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೇರ ಓಡಿಸಿದರೆ ಲಾಭ. ಇದಕ್ಕೆ ರೇಕ್ ಅಂತಾರೆ. ಒಂದು ರೇಕಿನಲ್ಲಿ ನಲವತ್ತು ಅಥವಾ ಅದಕ್ಕೂ ಹೆಚ್ಚು ಮುಚ್ಚಿದ ವ್ಯಾಗನ್, ಒಂದೊಂದಕ್ಕೆ ಐವತ್ತು ಅರವತ್ತು ಟನ್. ಹಾಗೆ ಬಿಡಿ ವ್ಯಾಗನ್ನು, ಬಿಡಿ ಮೂಟೆ ಎರಡೂ ನಿಂತವು. ಸಣ್ಣ ಸ್ಟೇಷನ್ನುಗಳ ಗೂಡ್ಸ್ ಜಾಗದಲ್ಲಿ ಲಂಟಾನ ಬೆಳೆಯಿತು.

ಇದರ ಅರ್ಥ ನಮ್ಮ ಭಾಷೆಯಲ್ಲಿ ಏನು ಅಂತ ಲೆಕ್ಕ ಹಾಕಿ ನೋಡೋಣ. ಎರಡು ಎಕರೆ ತೋಟದವನಿಗೆ ಎಕರೆಗೆ ಹತ್ತು ಕ್ವಿಂಟಾಲಿನಂತೆ ಇಪ್ಪತ್ತು ಕ್ವಿಂಟಾಲ್ ಒಣ ಅಡಿಕೆ ಅಂತ ಇಟ್ಟುಕೊಳ್ಳಿ. ಅಂದರೆ ಎರಡು ಟನ್. ಒಂದು ರೇಕ್ ತುಂಬಬೇಕಾದರೆ ಇಂಥ 1,200 ಮನೆಯ ಇಡೀ ವರ್ಷದ ಫಸಲು ಒಂದೇ ದಿವಸ ಒಂದೇ ಸ್ಟೇಷನ್ನಿಗೆ ಬರಬೇಕು. ಎರಡೆಕರೆಯವನಿಗೆ ರೈಲು ಇಲ್ಲ ಎಂಬುದನ್ನು ಯಾವ ಆದೇಶದಲ್ಲೂ ಬರೆದಿಲ್ಲ. ರೇಕಿನ ಉದ್ದದಲ್ಲೇ ಬರೆದಿದೆ.

ನಮ್ಮ ದಾರಿಗೆ ಇನ್ನೊಂದು ಪೆಟ್ಟು ಬಿತ್ತು. 1990ರ ದಶಕದಲ್ಲಿ ಬೀರೂರು–ಶಿವಮೊಗ್ಗ ಹಳಿ ಬ್ರಾಡ್ ಗೇಜ್ ಆಯಿತು, ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜಾಗೇ ಉಳಿಯಿತು. ಐದೂವರೆ ಅಡಿಯ ಹಳಿಗೂ ಒಂದು ಮೀಟರ್ ಹಳಿಗೂ ಸಂಬಂಧವೇ ಇಲ್ಲ. ಒಂದರ ಗಾಡಿ ಇನ್ನೊಂದರ ಮೇಲೆ ಹೋಗೋದಿಲ್ಲ. ಅರಸಾಳಿನಲ್ಲಿ ಹೇರಿದ ಮಾಲು ಬೆಂಗಳೂರಿಗೆ ಹೋಗಬೇಕಾದರೆ ಶಿವಮೊಗ್ಗದಲ್ಲಿ ಇಳಿಸಿ ಮತ್ತೆ ಹೇರಬೇಕು. ಬಾಲ ಕತ್ತರಿಸಿದ ಹಲ್ಲಿಯ ಬಾಲದ ಹಾಗೆ ನಮ್ಮ ಹಳಿ ಬೇರೆಯಾಗಿ ಬಿದ್ದಿತ್ತು. ಅದರ ಮೇಲೆ ಕೊನೆಕೊನೆಗೆ ಓಡಿದ್ದು ಒಂದು ರೈಲ್‌ಬಸ್. ಬಸ್ಸಿನಂಥ ಒಂದೇ ಡಬ್ಬಿ, ಅದು ಹಳಿ ಮೇಲೆ ಕುಲುಕುತ್ತಾ ಹೋಗುವುದನ್ನು ನೋಡಿ ಮಕ್ಕಳಿಗೆ ಖುಷಿ. ಮೂಟೆಗೆ ಅದರಲ್ಲಿ ಜಾಗ ಇರಲಿಲ್ಲ. 2011ರಲ್ಲಿ ತಾಳಗುಪ್ಪದವರೆಗೆ ಬ್ರಾಡ್ ಗೇಜ್ ಬರುವ ಹೊತ್ತಿಗೆ ಅರಸಾಳಿನಲ್ಲಿ ಅಡಿಕೆ ಹೇರುತ್ತಿದ್ದರು ಎಂಬುದೇ ಹೊಸ ತಲೆಮಾರಿಗೆ ಗೊತ್ತಿರಲಿಲ್ಲ.

ಹಾಗಾಗಿ ಈ ಸ್ಟೇಷನ್ನಿನ ಹಳೇ ಕಟ್ಟಡ ಖಾಲಿಯಾದದ್ದು ಕಾಲ ಬದಲಾಯಿತು ಅಂತ ತಾನಾಗಿ ಅಲ್ಲ. ಸಣ್ಣ ಹಿಡುವಳಿಯವನ ಸಣ್ಣ ಮೂಟೆಗೆ ಬಾಗಿಲು ಮುಚ್ಚಿದ ತೀರ್ಮಾನ ಒಂದಿದೆ, ಅದಾದ ಮೇಲೆ ಖಾಲಿಯಾಯಿತು. ಮ್ಯೂಸಿಯಂ ಗೋಡೆಯ ಮೇಲೆ ಬರೆಯಬೇಕಾದ ಸಂಗತಿ ಇದು ಅಂತ ನನ್ನ ಅಭಿಪ್ರಾಯ.

ಬಸ್ಸಿನ ಡಿಕ್ಕಿಯಲ್ಲಿ ಹೋಗುವ ಮಾಲು

ಬಿಡಿ ಮೂಟೆ ಸಾಗಿಸೋದು ಲಾಭವಿಲ್ಲದ ಕೆಲಸ ಅನ್ನುವವರು ಒಂದು ದಿವಸ ಸಂಜೆ ರಿಪ್ಪನ್‌ಪೇಟೆಯಲ್ಲೋ ಸಾಗರದಲ್ಲೋ ಬೆಂಗಳೂರಿನ ರಾತ್ರಿ ಬಸ್ಸು ಹೊರಡುವ ಕಡೆ ನಿಂತು ನೋಡಲಿ. ಡಿಕ್ಕಿ ತುಂಬ ಮಾಲು. ಅಪ್ಪೆಮಿಡಿ ಕಾಲದಲ್ಲಿ ಮಿಡಿಯ ಬುಟ್ಟಿ, ಮಳೆಗಾಲಕ್ಕೆ ಮೊದಲು ಹಲಸಿನ ಹಪ್ಪಳ, ಬಾಳೆಗೊನೆ, ಜೋನಿ ಬೆಲ್ಲದ ಡಬ್ಬಿ, ಕಾಳುಮೆಣಸಿನ ಗಂಟು, ಸಸಿಗಳ ಕಟ್ಟು. ಹೆಂಗಸರು ಮನೆಯಲ್ಲಿ ಮಾಡಿದ ಉಪ್ಪಿನಕಾಯಿ ರಟ್ಟಿನ ಪೆಟ್ಟಿಗೆಯಲ್ಲಿ. ಬಸ್ಸಿನವರಿಗೆ ದುಡ್ಡು ಕೊಟ್ಟು ಚೀಟಿಯೂ ಇಲ್ಲದೆ ಕಳಿಸುತ್ತಾರೆ. ಕಳೆದುಹೋದರೆ ಕೇಳುವ ಹಾಗಿಲ್ಲ, ಒಡೆದರೆ ನಮ್ಮ ಹಣೆಬರಹ. ಆದರೂ ದಿನಾ ಹೋಗುತ್ತದೆ. ಮಾಲು ಇಲ್ಲ, ಗಿರಾಕಿ ಇಲ್ಲ ಎಂಬ ಮಾತು ಇಲ್ಲಿ ನಿಲ್ಲೋದಿಲ್ಲ.

ಅದೇ ಹೊತ್ತಿಗೆ ತಾಳಗುಪ್ಪದಿಂದ ರಾತ್ರಿ ರೈಲು ಹೊರಟು ಬೆಳಗಿನ ಜಾವಕ್ಕೆ ಬೆಂಗಳೂರು ಮುಟ್ಟುತ್ತದೆ. ಇಂಥ ರೈಲುಗಳ ತುದಿಯಲ್ಲಿ ಗಾರ್ಡಿನ ಬೋಗಿಗೆ ಸೇರಿದ ಹಾಗೆ ಲಗೇಜು ಕೋಣೆ ಇರುತ್ತದೆ. ಒಂದು ಕೋಣೆಗೆ ಸುಮಾರು ನಾಲ್ಕು ಟನ್ ಮಾಲು ಹಿಡಿಯುತ್ತದೆ. ನಾಲ್ಕು ಟನ್ ಅಂದರೆ ಶುಂಠಿ ಬೆಳೆಗಾರನಿಗೆ ಏನೂ ಅಲ್ಲ. ಅರವತ್ತು ಕಿಲೋ ಚೀಲದ ಲೆಕ್ಕದಲ್ಲಿ ಅರವತ್ತಾರು ಚೀಲ, ಒಂದೆಕರೆ ಶುಂಠಿಯೂ ಅದರಲ್ಲಿ ಹೋಗೋದಿಲ್ಲ. ಅವನಿಗೆ ಲಾರಿಯೇ ಸರಿ. ಅಡಿಕೆಗೂ ಈಗ ಇದು ಬೇಕಾಗಿಲ್ಲ, ಅದರ ವ್ಯಾಪಾರದ ದಾರಿ ಬೇರೆ. ಆದರೆ ಡಿಕ್ಕಿಯಲ್ಲಿ ಹೋಗುವ ಬುಟ್ಟಿ, ಗೊನೆ, ಡಬ್ಬಿಗಳಿಗೆ ನಾಲ್ಕು ಟನ್ ಅಂದರೆ ಅರಮನೆ. ತೂಗಿ, ರಸೀದಿ ಕೊಟ್ಟು ಒಯ್ಯುತ್ತಾರೆ ಎಂಬುದು ಇನ್ನೂ ದೊಡ್ಡದು.

ತೊಡಕು ಇಲ್ಲ ಅಂತ ನಾನು ಹೇಳೋದಿಲ್ಲ. ರೈಲು ಐದು ನಿಮಿಷಕ್ಕಿಂತ ಕಡಿಮೆ ನಿಲ್ಲುವ ಕಡೆ ಪಾರ್ಸೆಲ್ ಹತ್ತಿಸೋದಿಲ್ಲ ಎಂಬುದು ರೈಲ್ವೆಯ ಸಾಮಾನ್ಯ ಪದ್ಧತಿ. ಸಣ್ಣ ಸ್ಟೇಷನ್ನುಗಳಲ್ಲಿ ನಿಂತರೆ ನಿಲ್ಲೋದೇ ಒಂದೆರಡು ನಿಮಿಷ. ಆದ್ದರಿಂದ ಮೊದಲ ದಿವಸವೇ ಅರಸಾಳಿನಲ್ಲಿ ಪಾರ್ಸೆಲ್ ಕೊಡಿ ಅಂತ ಕೇಳಿದರೆ ಅರ್ಜಿ ವಾಪಸ್ ಬರುವುದು ಖಂಡಿತ. ತಾಳಗುಪ್ಪದಲ್ಲಿ ಆ ತೊಂದರೆ ಇಲ್ಲ. ರೈಲು ಅಲ್ಲಿಂದಲೇ ಹೊರಡೋದು, ಹೇರಲಿಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಸಿದ್ದಾಪುರ ಕಡೆಯವರಿಗೂ ಅದು ಹತ್ತಿರ. ಅಲ್ಲಿ ಶುರುವಾಗಿ, ಮಾಲು ಬರುತ್ತದೆ ಅಂತ ಖಾತ್ರಿ ಆದ ಮೇಲೆ, ಅಪ್ಪೆಮಿಡಿ ಮತ್ತು ಹಣ್ಣಿನ ಕಾಲದಲ್ಲಿ ವಾರಕ್ಕೆ ಎರಡು ದಿವಸವಾದರೂ ಅರಸಾಳಿನಲ್ಲಿ ಐದು ನಿಮಿಷ ನಿಲ್ಲಿಸಿ ಅಂತ ಕೇಳುವುದು ನ್ಯಾಯವಾದ ಬೇಡಿಕೆ.

ಇದು ಆಗದ ಹೋಗದ ಕನಸು ಅನ್ನುವವರಿಗೆ ಒಂದು ವಿಷಯ ನೆನಪಿಸುತ್ತೇನೆ. 2020ರ ಆಗಸ್ಟ್ 7ರಂದು ಮಹಾರಾಷ್ಟ್ರದ ದೇವಲಾಲಿಯಿಂದ ಬಿಹಾರದ ದಾನಾಪುರಕ್ಕೆ ಮೊದಲ ಕಿಸಾನ್ ರೈಲು ಹೊರಟಿತು. ಅದರಲ್ಲಿ ಇಡೀ ರೇಕ್ ಬೇಡ, ಬಿಡಿ ಮೂಟೆ ತರಬಹುದು, ದಾರಿಯ ಸ್ಟೇಷನ್ನುಗಳಲ್ಲಿ ಹತ್ತಿಸಬಹುದು, ಇಳಿಸಬಹುದು ಅಂತ ಅವಕಾಶ ಮಾಡಿದ್ದರು. ಹಣ್ಣು ತರಕಾರಿಗೆ ಬಾಡಿಗೆಯಲ್ಲಿ ಅರ್ಧದಷ್ಟು ರಿಯಾಯಿತಿಯನ್ನೂ ಕೊಟ್ಟರು. ನಾಲ್ಕು ದಶಕದಿಂದ ಆಗೋದಿಲ್ಲ ಅಂದದ್ದು ಆವತ್ತು ಆಯಿತು. ಆ ರಿಯಾಯಿತಿ ಬಹುಕಾಲ ನಡೆಯಲಿಲ್ಲ, ಆದರೆ ಬಿಡಿ ಮೂಟೆ ರೈಲಿಗೆ ಹತ್ತಬಲ್ಲದು ಎಂಬುದನ್ನು ರೈಲ್ವೆಯೇ ಮಾಡಿ ತೋರಿಸಿದ ಮೇಲೆ ಇನ್ನು ಆಗೋದಿಲ್ಲ ಅಂತ ಹೇಳುವ ಹಾಗಿಲ್ಲ.

ನಮ್ಮ ಕಡೆಯಿಂದಲೂ ಆಗಬೇಕಾದ್ದಿದೆ. ಒಬ್ಬ ರೈತ ಒಂದು ಬುಟ್ಟಿ ಹಿಡಕೊಂಡು ಸ್ಟೇಷನ್ನಿಗೆ ಹೋದರೆ ಯಾರೂ ತಿರುಗಿ ನೋಡೋದಿಲ್ಲ. ಊರಿನ ಹಾಲಿನ ಡೇರಿಯ ಹಾಗೆ ಒಂದು ಕಡೆ ಮಾಲು ಕೂಡಿಸುವವರು ಬೇಕು, ಬೆಂಗಳೂರಿನಲ್ಲಿ ಬೆಳಿಗ್ಗೆ ಐದು ಗಂಟೆಗೆ ಇಳಿಸಿಕೊಳ್ಳುವವರೊಬ್ಬರು ಬೇಕು. ಆಚೆ ಕಡೆಯ ಈ ಮನುಷ್ಯ ಸಿಗದಿದ್ದರೆ ಉಳಿದದ್ದೆಲ್ಲ ದಂಡ. ಬಸ್ಸಿನ ಡಿಕ್ಕಿ ಗೆದ್ದಿರೋದು ಬಾಡಿಗೆಯಿಂದಲ್ಲ, ಮೆಜೆಸ್ಟಿಕ್ಕಿನಲ್ಲಿ ನಮ್ಮ ಹುಡುಗನೊಬ್ಬ ಸ್ಕೂಟರ್ ತಂದು ನಿಂತಿರುತ್ತಾನೆ, ಅದರಿಂದ. ಸೊಸೈಟಿಗಳು, ಹೆಂಗಸರ ಸ್ವಸಹಾಯ ಸಂಘಗಳು ಮನಸ್ಸು ಮಾಡಿದರೆ ಇದು ದೊಡ್ಡ ಬೆಟ್ಟವಲ್ಲ. ಬರೀ ರೈಲ್ವೆಯನ್ನು ಬೈದು ಕೂತರೆ ಆಗೋದೂ ಇಲ್ಲ.

ಈಗ ಮ್ಯೂಸಿಯಂ ವಿಷಯಕ್ಕೆ. ಅಲ್ಲಿ ಸ್ವಾಮಿ ಇರಲಿ, ಚಹಾ ಬೋಗಿ ಇರಲಿ. ಚಹಾ ಕುಡಿಯಲು ಬಂದ ಬೆಂಗಳೂರಿನವರಿಗೆ ಅದೇ ಅಂಗಳದಲ್ಲಿ ನಮ್ಮವರ ಉಪ್ಪಿನಕಾಯಿ, ಜೋನಿ ಬೆಲ್ಲ, ಮೆಣಸು ಸಿಗುವ ಹಾಗೆ ಒಂದು ಮಳಿಗೆ ಸ್ಥಳೀಯ ಸಂಘಗಳಿಗೆ ಕೊಡಲಿ. ಒಂದು ಗೋಡೆ ಮಾತ್ರ ಅರಸಾಳಿಗೆ ಬಿಡಲಿ. ಅದರ ಮೇಲೆ ಹಳಿ ಯಾವಾಗ ಬಂತು, ಏನು ಹೇರಿದರು, ಕಾಡು ಎಲ್ಲಿಗೆ ಹೋಯಿತು, ಮುಳುಗಡೆಯವರು ಎಲ್ಲಿಂದ ಬಂದರು, ಮೂಟೆ ಯಾವಾಗ ನಿಂತಿತು ಅಂತ ಇರಲಿ. ಹೆಸರು ಬದಲಿಸುವ ಮಾತು ಇನ್ನೊಮ್ಮೆ ಬಂದರೆ ಗ್ರಾಮ ಪಂಚಾಯಿತಿ ಖಡಾಖಂಡಿತ ಬೇಡ ಅನ್ನಬೇಕು. ಮಾಲ್ಗುಡಿಗೆ ಪುಸ್ತಕದಲ್ಲಿ ಜಾಗ ಇದೆ, ಅರಸಾಳಿಗೆ ಇರೋದು ಆ ಹಳದಿ ಹಲಗೆ ಒಂದೇ.

ಗೋಡೆಗೆ ಹಾಕಲಿಕ್ಕೆ ಏನಿದೆ ಅಂತ ಕೇಳುತ್ತಾರೆ, ಕೇಳಲಿ. ಅಲ್ಲಿ ಹಮಾಲಿ ಮಾಡಿದ ಹಿರಿಯರು ಒಬ್ಬಿಬ್ಬರು ಇನ್ನೂ ಇದ್ದಾರೆ, ಕೂತು ಕೇಳಿದರೆ ಹೇಳುತ್ತಾರೆ. ನಮ್ಮ ಮನೆಯ ತೊಲೆಯ ಮೇಲಿದ್ದ ರಸೀದಿಗಳಲ್ಲಿ ಹೆಚ್ಚಿನವು ಇಲಿ, ಹೊಗೆ ಪಾಲಾದವು. ಏಳೆಂಟು 1960ರ ದಶಕದವು ಉಳಿದಿವೆ, ಅವನ್ನು ಕೊಡಲು ನಾನು ತಯಾರು. ಕುಂಸಿಯಿಂದ ತಾಳಗುಪ್ಪದವರೆಗೆ ಹಳಿ ಬದಿಯ ಊರುಗಳ ಓದುಗರು ತಮ್ಮ ಅಟ್ಟ, ಪೆಟ್ಟಿಗೆ ಒಮ್ಮೆ ನೋಡಬೇಕು. ರೈಲ್ವೆ ರಸೀದಿ, ಮಂಡಿಯ ಪಟ್ಟಿ, ಸ್ಟೇಷನ್ ಮುಂದೆ ತೆಗೆಸಿದ ಮದುವೆ ದಿಬ್ಬಣದ ಫೋಟೋ ಏನಿದ್ದರೂ ಸರಿ. ಹೊರಗೆ ತೆಗೆಯೋದು ಮಳೆಗಾಲಕ್ಕೆ ಮೊದಲೇ ಆಗಲಿ, ಗೆದ್ದಲಿಗೆ ಆ ಮೇಲೆ ಪುರಸೊತ್ತು ಇರುತ್ತದೆ. ಸಿಕ್ಕಿದ್ದರ ಒಂದು ಜೆರಾಕ್ಸ್ ಪತ್ರಿಕೆಗೆ ಕಳಿಸಿ, ಮೂಲ ನಿಮ್ಮಲ್ಲೇ ಇರಲಿ.